ಎರಡು ಚೀಟಿ

ಲೋಕಾಪುರದ ಸುಣ್ಣದ ಭಟ್ಟಿಗೆ ಹೊಸ ಮಾಲಕ ಬಂದ ವಾರ
ಅಪ್ಪ ಎರಡು ಚೀಟಿ ತಂದು ನನ್ನ ವಹಿಯ ಮೇಲಿಟ್ಟ.
ಒಳಗೆ ಹೋದ ಕಲ್ಲು ಹತ್ತು ಟನ್ನು.
ಹೊರಗೆ ಬಂದ ಸುಣ್ಣ ಐದು ಟನ್ನು, ನಾಕು ಕ್ವಿಂಟಲ್.
‘ಉಳದದ್ದು ಯಾರ ಮನಿಗೆ ಹೋತೋ ದಸ್ತಗೀರ, ಅಂತ ಕೇಳ್ಯಾನ.
ಹತ್ತನೇ ಇಯತ್ತೆದಾಕಿ ನೀ, ನೋಡು.’

ನೋಡಿದೆ. ಕಟಗೇರಿ ಟೀಚರ್ ಕಲಿಸಿದ ಹಾಗೆ
ನಡುವೆ ಬಾಣ ಎಳೆದು
ಎಡಕ್ಕೆ ಕಲ್ಲು, ಬಲಕ್ಕೆ ಸುಣ್ಣ ಬರೆದು
ಬೆರಳು ಮಡಚಿ ಎಣಿಸಿದೆ.
ಕ್ಯಾಲ್ಸಿಯಂ ಆ ಕಡೆ ಒಂದು, ಈ ಕಡೆ ಒಂದು.
ಇಂಗಾಲ ಆ ಕಡೆ ಒಂದು, ಈ ಕಡೆ ಇಲ್ಲ.
ಆಮ್ಲಜನಕ ಮೂರಿದ್ದದ್ದು ಒಂದೇ ಉಳಿದಿದೆ.

ಇಂಥಲ್ಲೇ ಒಮ್ಮೆ ತಪ್ಪಿದ್ದೆ.
ನೀರಿನ ಲೆಕ್ಕ ಕೂಡದೆ, ಕೆಳಗೊಂದು ಪುಟ್ಟ ಎರಡು ಸೇರಿಸಿ
ಸರಿಹೋಯಿತು ಅಂದಿದ್ದೆ.
ಟೀಚರ್ ನಕ್ಕಿರಲಿಲ್ಲ. ‘ಇದು ನೀರಲ್ಲ ರಾಜಮಾ,
ಗಾಯಕ್ಕ ಹಾಕಿದರ ಬುರುಬುರು ನೊರಿ ಬರತೈತೆಲ್ಲ, ಅದು.
ಕೆಳಗಿನ ಅಂಕಿ ವಸ್ತುವಿನ ಮೈ, ಮುಟ್ಟಬ್ಯಾಡ.
ಎಷ್ಟು ಅನ್ನೂದಷ್ಟ ನಮ್ಮ ಕೈಯಾಗ.’

ಹಾಗಾಗಿ ಏನನ್ನೂ ತಿದ್ದದೆ ಭಟ್ಟಿಯ ಬಾಯಿ ನೆನೆದೆ.
ಹೊಗೆ ಕಾಣದ ರಾತ್ರಿಯೂ
ಅದರ ಮೇಲೆ ಚಿಕ್ಕೆಗಳು ನಡುಗುತ್ತವೆ.
ಅದೇ. ಇಂಗಾಲ ಒಂದು, ಆಮ್ಲಜನಕ ಎರಡು,
ಚೀಟಿ ಹರಿಸಿಕೊಳ್ಳದೆ ಮೇಲೆ ಹೋಗುತ್ತಿವೆ,
ನೂರಕ್ಕೆ ನಲವತ್ತನಾಲ್ಕು.

ಅಪ್ಪ ಟೋಪಿ ತೆಗೆದು ತಲೆ ಕೆರೆದುಕೊಂಡ.
‘ಗಾಳಿಗೂ ತೂಕ ಐತೇನ? ನಾಕು ಟನ್ನು, ನಾಕು ಕ್ವಿಂಟಲ್?’
ನಗು ಬಂದಿತ್ತು ಅವನಿಗೆ.
ನಾನು ಹತ್ತರಲ್ಲಿ ಅಷ್ಟನ್ನು ಕಳೆದೆ.
ಐದು ಟನ್ನು, ಆರು ಕ್ವಿಂಟಲ್ ಬರಬೇಕು.
ಚೀಟಿಯಲ್ಲಿ ನಾಕೇ ಇತ್ತು.

ಮತ್ತೆ ಎಣಿಸಿದೆ. ಬಾಣದ ಎರಡೂ ಕಡೆ ಸರಿದೂಗಿದೆ.
‘ಎರಡು ಕ್ವಿಂಟಲ್ ಗಾಳಿ ಒಯ್ದಿಲ್ಲ’ ಅಂದೆ, ಮೆಲ್ಲಗೆ.
‘ಧೂಳಿರತೈತಿ’ ಅಂದ. ‘ಹಸಿ ಇರತೈತಿ. ಹಾರಿದ್ದು, ಚೆಲ್ಲಿದ್ದು.’
ಇರತೈತಿ. ಪುಸ್ತಕದ ಕಲ್ಲು ಶುದ್ಧ, ನಮ್ಮ ಗುಡ್ಡದ್ದಲ್ಲ.

ಹೊರಗೆ ನಮ್ಮ ಓಣಿಯ ಹನ್ನೊಂದು ಮನೆ
ಈದಿಗೆ ಬಳಿದ ಬಿಳುಪಿನಲ್ಲಿ ನಿಂತಿದ್ದವು.
ಗೋಡೆಗೆ ಹತ್ತಿದ ಸುಣ್ಣ
ಬಿಟ್ಟುಹೋದ ಗಾಳಿಯನ್ನೇ ಮತ್ತೆ ಎಳೆದುಕೊಂಡು
ಕಲ್ಲಾಗುತ್ತದೆ. ಮುಂದಿನ ಪುಟದಲ್ಲಿತ್ತು.
ಪುಟ ತಿರುವಲಿಲ್ಲ.

ಮಾಲಕನಿಗೆ ತೋರಿಸಲು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ:
ಗಾಳಿ, ನಾಕು ಟನ್ನು ನಾಕು ಕ್ವಿಂಟಲ್.
ಅದರ ಕೆಳಗೆ ಧೂಳು ಎಂದು ಬರೆದು
ಮುಂದೆ ಅಂಕಿ ಹಾಕಲಿಲ್ಲ.
ಅಪ್ಪ ಹಾಳೆ ಮಡಚುವಾಗ
ಉಗುರಿನ ಸಂದಿಯಲ್ಲಿ ಬಿಳಿ ಇತ್ತು.
ಅದು ಯಾವಾಗಲೂ ಇರುತ್ತದೆ.