ಬಲಬಾಗಿಲ ನೆಗ್ಗು

ಬನ್ನಿ ಡಾಕ್ಟ್ರೇ, ಚಪ್ಪಲಿ ಬಿಡುವುದು ಬೇಡ,
ಇದು ಗ್ಯಾರೇಜು, ಗುಡಿಯಲ್ಲ.
ಹುಬ್ಬಳ್ಳಿಯಿಂದ ಇಷ್ಟು ದೂರ ಬಂದಿದ್ದೀರಿ,
ಮೊದಲು ಗಾಡಿ ಸುತ್ತು ಹಾಕಿ, ರೇಟು ಆಮೇಲೆ.

ಅರವತ್ತೊಂದರ ಲ್ಯಾಂಡ್ ರೋವರ್.
ಪಟ್ಟಿಯ ಮೇಲೆ ಸೊಲಿಹಲ್ ಅಂತ ಊರ ಹೆಸರಿದೆ.
ಇರ್ಷಾದ ಅದನ್ನು ಸೋಲಾಪುರ ಅಂತಲೇ ಓದುತ್ತಾನೆ,
ತಿದ್ದಿ ಸಾಕಾಗಿ ಬಿಟ್ಟಿದ್ದೇನೆ.

ಒರಿಜಿನಲ್ ಎಷ್ಟು ಅಂತ ಫೋನಿನಲ್ಲಿ ಕೇಳಿದಿರಿ.
ಎಂಜಿನ್ ಅದರದೇ, ಬೋರ್ ಮಾಡಿಸಿದ್ದು ಬೆಳಗಾವಿಯಲ್ಲಿ.
ಹಳದಿ ಗುಂಡಿನ ಗೇರು, ಕೆಂಪು ಗುಂಡಿನ ಗೇರು, ಅವೂ ಅದರವೇ.
ಚಾಸಿ ಮಾತ್ರ ನಮ್ಮದು.
ಹಳೆಯದನ್ನು ಬೆರಳಲ್ಲಿ ತಿವಿದರೆ ಹಪ್ಪಳ.
ಬೈತಖೋಲದಲ್ಲಿ ದೋಣಿ ವೆಲ್ಡ್ ಮಾಡುವ ಗಣಪು ಹರಿಕಂತ್ರ
ಬಲೆ ಮೇಲೆಳೆದ ತಿಂಗಳಲ್ಲಿ
ಅಳತೆಕಡ್ಡಿ ಹಿಡಿದು ಹನ್ನೊಂದು ರಾತ್ರಿ ಕೂತ.
ರಸ್ತೆ ಮುಗಿದರೂ ನಿಲ್ಲಿಸಬೇಡಿ, ತೇಲುತ್ತದೆ, ಅನ್ನುತ್ತಾನೆ.

ಸೀಟಿನ ರೆಕ್ಸಿನ್ ಹೊಲಿದವಳು ನನ್ನ ಹೆಂಡತಿ ಶೇವಂತಿ.
ಹೊಲಿಗೆ ವಾಲಿದೆ. ಅದಕ್ಕೆ ಹಣ ಹಿಡಿದಿಲ್ಲ.

ಬಾಡಿ ಅಲ್ಯೂಮಿನಿಯಂ, ತುಕ್ಕು ಹತ್ತದು.
ಕಾರವಾರದ ಗಾಳಿ ಕಬ್ಬಿಣವನ್ನು
ಬಂಗಡೆಗೆ ಉಪ್ಪು ಸವರಿದ ಹಾಗೆ ಸವರುತ್ತದೆ;
ಬೀಗ, ಕೊಂಡಿ, ಗೇಟು, ನನ್ನ ಅರ್ಧ ಪಾನಾಗಳು,
ಎಲ್ಲ ತಿಂದು ಮುಗಿಸಿತು.
ಇದನ್ನು ಮೂಸಿ ನೋಡಿ ಬಿಟ್ಟಿದೆ.
ಆದರೆ ಈ ಲೋಹದ್ದೊಂದು ಗುಣ:
ಪೆಟ್ಟು ಬಿದ್ದಲ್ಲಿ ಹಿಗ್ಗುತ್ತದೆ, ಮತ್ತೆ ಕುಗ್ಗುವುದಿಲ್ಲ.

ಹಾಂ, ಅಲ್ಲಿಗೇ ಬಂದಿರಿ. ಬಲಬಾಗಿಲ ಕೆಳಗೆ.
ಮುಷ್ಟಿಯಷ್ಟು ನೆಗ್ಗು.
ಉಳಿದ ಕಡೆ ಮುಖ ಕಾಣುವ ಹಾಗೆ ಬಣ್ಣ ಹೊಡೆದವನು
ಇದನ್ನೇಕೆ ಬಿಟ್ಟ ಅಂತ ತಾನೆ?
ಹೇಳುತ್ತೇನೆ, ಚಹ ಬರಲಿ.

ನಾನು ಜೊಯಿಡಾ ಕಡೆಯವನು, ವೇಳಿಪ.
ಸೂಪೆಯಿಂದ ಆಚೆ, ಹೊಳೆಯ ಮಗ್ಗುಲಿಗೆ ಹನ್ನೆರಡು ಮನೆ.
ಆ ಮನೆಗಳ ಹೆಸರು ಈಗ ಮೀನುಗಳಿಗೆ ಗೊತ್ತಿರಬೇಕು.
ನನಗೆ ಒಂಬತ್ತು ವರ್ಷ. ಇಂಥದೇ ಒಂದು ಹಸಿರು ಗಾಡಿ
ದಾರಿಯೇ ಇಲ್ಲದಲ್ಲಿ ಏರಿ ಬಂತು.
ಮೂರು ಕಾಲಿನ ದುರ್ಬೀನು ಇಳಿಸಿದರು.
ಮರಕ್ಕೆ, ಬಂಡೆಗೆ, ಮೇಲಿನ ಮನೆಯ ಗೋಡೆಗೆ
ಒಂದೇ ಎತ್ತರದಲ್ಲಿ ಬಿಳಿ ಗೀಟು ಎಳೆದರು.
ಅಜ್ಜಿ ಹಬ್ಬದ ಸುಣ್ಣವೆಂದುಕೊಂಡು
ಅದರ ಕೆಳಗೊಂದು ಕೆಮ್ಮಣ್ಣಿನ ಗೀಟು ಸೇರಿಸಿದಳು.

ಗಾಡಿ ತಿರುಗುವಾಗ ನಾನೊಂದು ಕಲ್ಲು ಬೀಸಿದೆ.
ಸಿಟ್ಟಿಗಲ್ಲ, ಸಿಟ್ಟಾಗುವಷ್ಟು ತಿಳಿದಿರಲಿಲ್ಲ.
ಸದ್ದು ಹೇಗಿರುತ್ತದೆ ನೋಡೋಣವೆಂದು.
ಕೊಡಪಾನ ಬಿದ್ದ ಹಾಗೆ ಆಯಿತು.
ಡ್ರೈವರ್ ಇಳಿದ. ತಗಡು ಸವರಿದ. ನನ್ನ ನೋಡಿದ.
ಏನೂ ಅನ್ನದೆ ಹತ್ತಿ ಹೋದ.

ಹರಾಜಿನಲ್ಲಿ ಇದನ್ನು ಹಿಡಿದಾಗ
ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು.
ಬಗ್ಗಿದವನಿಗೆ ಮೊದಲು ಕಂಡದ್ದು ನೆಗ್ಗೇ.

ಅದೇ ಗಾಡಿಯೇ? ಆಣೆ ಹಾಕಲಾರೆ.
ಅವರ ಬಳಿ ಇಂಥವು ಮೂರಿದ್ದವಂತೆ.
ನನ್ನ ಕಲ್ಲು ಎಡಕ್ಕೆ ಬಿದ್ದಿತ್ತೆಂದು ಒಂದು ನೆನಪು,
ಗಾಡಿ ತಿರುಗುತ್ತಿತ್ತಲ್ಲ ಅಂತ ಇನ್ನೊಂದು.
ಒಳಗಿನಿಂದ ಮೆಲ್ಲಗೆ ಬಡಿದರೆ ಅರ್ಧ ಗಂಟೆಯ ಕೆಲಸ.
ಮೂರು ಸಲ ಸುತ್ತಿಗೆ ಎತ್ತಿದೆ.
ಟಾರ್ಚು ಹಿಡಿದು ನಿಂತಿದ್ದ ಇರ್ಷಾದ
ಮೂರನೆಯ ಸಲ ತಾನೇ ಆರಿಸಿದ.

ಹತ್ತಿ, ಸದಾಶಿವಗಡದವರೆಗೆ ಹೋಗಿ ಬರೋಣ.
ಒಂದರಿಂದ ಎರಡಕ್ಕೆ ಕ್ಲಚ್ಚು ಎರಡು ಸಲ ಒತ್ತಬೇಕು,
ಅವಸರ ಮಾಡಿದರೆ ಹಲ್ಲು ಕಡಿಯುತ್ತದೆ.
ಸೇತುವೆ ಮೇಲೆ ನಿಧಾನ.
ಕೆಳಗೆ ಕಾಳಿ.
ನಮ್ಮ ಅಂಗಳದ ಮೇಲೆ ನಿಂತು, ಟರ್ಬೈನು ತಿರುಗಿಸಿ,
ಊರೂರಿಗೆ ಕರೆಂಟು ಕೊಟ್ಟು ಮುಗಿಸಿ ಬಂದ ನೀರು;
ಎಡಕ್ಕೆ ನೋಡಿ, ಅಷ್ಟರಲ್ಲೇ ಸಮುದ್ರ.
ಇಲ್ಲಿ ಗಾಡಿ ಒಮ್ಮೆ ಕೆಮ್ಮುತ್ತದೆ.
ಹೆದರಬೇಡಿ, ಕಾರ್ಬ್ಯುರೇಟರ್ ಇರಬೇಕು.

ರೇಟು ಹೇಳಿದ್ದೇ, ಹದಿನಾಲ್ಕು ಲಕ್ಷ.
ನೆಗ್ಗಿಗೆ ಬೇಕಾದರೆ ಐದು ಸಾವಿರ ಬಿಡುತ್ತೇನೆ.
ನಿಮ್ಮೂರಲ್ಲಿ ತೆಗೆಸಿಕೊಳ್ಳಿ, ಗಾಡಿ ನಿಮ್ಮದು.
ತೆಗೆಸುವ ದಿನ ಒಂದು ಫೋನು ಮಾಡಿ.
ಮಾತೇನೂ ಬೇಡ,
ಬಡಿಯುವಾಗ ಬಾಗಿಲ ಹತ್ತಿರ ಹಿಡಿದರೆ ಸಾಕು.