ಏಳನೇ ಮನೆಯ ನಕ್ಷತ್ರ

ಪೀಣ್ಯ ಎರಡನೇ ಹಂತ, ವಾಲ್ವ್ ಕಾರ್ಖಾನೆ.
ಕಪ್ಪು ಪರದೆ, ಹಸಿರು ಅಕ್ಷರ.
ಅದರೊಳಗೆ ನಾನು ಬರೆದ ಪ್ರೊಸೀಜರ್ ಒಂದಿದೆ.
ಹೆಸರು ದಿನಲೆಕ್ಕ.
ಇಂಗ್ಲಿಷಿನ ಒಂಬತ್ತು ಅಕ್ಷರದಲ್ಲಿ
ಹೇಗೋ ಮೈ ಮುದುರಿಕೊಂಡ ಕನ್ನಡ.

ಅದಕ್ಕೂ ಮೊದಲು
ಸಂಬಳಕ್ಕೊಂದು ಲೆಕ್ಕ, ಬೋನಸ್ಸಿಗೊಂದು,
ಕ್ಯಾಂಟೀನ್ ಕೂಪನ್ನಿಗೂ ಒಂದು.
ಒಂದನ್ನು ನೋಡಿ ಇನ್ನೊಂದಕ್ಕೆ ಇಳಿಸಿದ್ದು.
ಫೆಬ್ರವರಿ ಬಂತೆಂದರೆ
ಒಂದೊಂದೂ ಒಂದೊಂದು ಹೇಳುವುದು.
ಬೇಸತ್ತು, ಒಂದು ಶನಿವಾರ
ಎಲ್ಲವನ್ನೂ ಕಿತ್ತು ಒಂದೇ ಕಡೆ ಬರೆದೆ.

ಹೊಸದಾಗಿ ಸೇರಿದ ಶಮೀನಾಗೆ ಹೇಳಿದೆ:
ಶ್ರೀರಾಂಪುರದ ನಮ್ಮ ವಠಾರದಲ್ಲಿ
ಎಂಟು ಮನೆಗೆ ಒಂದು ಒರಳು.
ಅವರವರ ಅಕ್ಕಿ ಅವರವರು ತರಬೇಕು,
ಅವರವರ ಹಿಟ್ಟು ಬಳಿದುಕೊಂಡು
ತೊಳೆದಿಟ್ಟು ಹೋಗಬೇಕು.
ನೀನು ಯಾರ ಪೈಕಿ ಎಂದು ಒರಳು ಕೇಳುವುದಿಲ್ಲ.
ಇದೂ ಹಾಗೆಯೇ.
ಟೋಕನ್ ನಂಬರು ಕೊಡು, ಎರಡು ತಾರೀಖು ಕೊಡು,
ನಡುವೆ ದುಡಿದ ದಿನ ವಾಪಸು ಕೊಡುತ್ತದೆ.
ಯಾವ ಪ್ರೋಗ್ರಾಮು ಕರೆದರೂ ಓ ಅನ್ನುತ್ತದೆ.
ಒಳಗೇನು ನಡೆಯಿತೆಂದು
ಕರೆದವರು ತಿಳಿಯಬೇಕಿಲ್ಲ.

‘ಒರಳಲ್ಲೇ ಮರಳಿದ್ದರೆ?’ ಅಂದಳು.
ನಕ್ಕು, ಪರದೆ ಮುಚ್ಚಿ, ಊಟಕ್ಕೆದ್ದೆ.

ಮರುವಾರ ಅಂತೋಣಪ್ಪ ಬಂದ. ಲೇತ್ ವಿಭಾಗ,
ಟೋಕನ್ ಇನ್ನೂರ ಹದಿನಾಲ್ಕು,
ಇದೇ ತಿಂಗಳು ನಿವೃತ್ತಿ.
ಉಗುರಿನಡಿ ಎಣ್ಣೆ, ಕೈಯಲ್ಲಿ
ರಬ್ಬರ್ ಬ್ಯಾಂಡು ಬಿಗಿದ ಪಾಕೆಟ್ ಡೈರಿಗಳು.
‘ಹನ್ನೊಂದು ದಿನ ಕಮ್ಮಿ ಬರ್ತದೆ ಮೇಡಂ.
ರಜೆ ಲೆಕ್ಕದಲ್ಲೂ ಕಮ್ಮಿ, ಸರ್ವಿಸ್ ಚೀಟೀಲೂ ಕಮ್ಮಿ,
ಗ್ರಾಚುಯಿಟೀಲೂ ಅಷ್ಟೇ.
ಮೂರೂ ಒಂದೇ ಹೇಳ್ತಾವೆ ಅಂದ್ರೆ
ನಾನೇ ಎಲ್ಲೋ ತಪ್ಪು ಬರಕೊಂಡಿರಬೇಕು.’

ಮೂರು ಸಾಕ್ಷಿಯಲ್ಲ ಅಂತೋಣಪ್ಪ,
ಒಬ್ಬನೇ ಸಾಕ್ಷಿ ಮೂರು ಸಲ ಓ ಅಂದದ್ದು.
ಹೇಳಬೇಕೆಂದುಕೊಂಡೆ. ‘ನೋಡ್ತೀನಿ’ ಅಂದೆ.

ನೋಡುವುದೇನು, ಗೊತ್ತಿತ್ತು.
ತೊಂಬತ್ತೊಂಬತ್ತರ ಜನವರಿ. ಗೇಟಿಗೆ ಬೀಗ,
ಬೀಗ ಜಡಿದವರು ಒಳಗೆ.
ಹೊರಗೆ ಸ್ವೆಟರು, ಮಫ್ಲರು, ಬೀಡಿ ಹೊಗೆ,
ಏಳರ ಪಾಳಿಯ ಜನ ಏಳಕ್ಕೇ ಬಂದು ನಿಲ್ಲುತ್ತಿದ್ದರು.
ಪರ್ಸನಲ್ ವಿಭಾಗದ ವೆಂಕೋಬರಾಯರು
ನಶ್ಯದ ವಾಸನೆ ಸಮೇತ ಕುರ್ಚಿಯ ಹಿಂದೆ ನಿಂತು
‘ಅಷ್ಟು ದಿನ ಬಿಟ್ಟುಬಿಡಮ್ಮ,
ಒಂದೇ ಸಾಲು ತಾನೆ?’ ಅಂದರು.
ಒಂದೇ ಸಾಲು. ಒಂದೇ ಕಡೆ.
ಸಲೀಸಾಗಿಸಿ ಇಟ್ಟಿದ್ದವಳು ನಾನೇ.

ಟೋಕನ್ ಐನೂರರ ಕೆಳಗಿದ್ದರೆ ಹನ್ನೊಂದು ಕಳೆ.
ನನ್ನದು ಏಳುನೂರ ಮೂರು.

ಆಮೇಲೆ ರಾಜಿಯಾಯಿತು, ಆ ದಿನಗಳನ್ನು
ಸೇರಿಸಿಕೊಳ್ಳುವುದೆಂದು ಸಹಿಯೂ ಬಿತ್ತು.
ಸಾಲಿಗೆ ಮಾತ್ರ ಯಾರೂ ತಿಳಿಸಲಿಲ್ಲ.
ನನಗೆ ತಿಳಿದಿತ್ತು;
ವರ್ಷದ ಕೊನೆ ಕೆಲಸದಲ್ಲಿ, ಎರಡು ಸಾವಿರದ ಗಡಿಬಿಡಿಯಲ್ಲಿ
ಮರೆತೆ ಎಂದುಕೊಂಡಿದ್ದೇನೆ.

ಈ ಹಳೆಯ ಭಾಷೆಯಲ್ಲಿ ಸಾಲನ್ನು ಅಳಿಸದೆಯೇ
ಬಾಯಿ ಕಟ್ಟಬಹುದು.
ಏಳನೇ ಮನೆಯಲ್ಲೊಂದು ನಕ್ಷತ್ರ ಇಟ್ಟರಾಯಿತು,
ಯಂತ್ರ ಅದನ್ನು ದಾಟಿ ಹೋಗುತ್ತದೆ.
ಏಳನೇ ಮನೆ ಸರಿಯಿಲ್ಲವೆಂದು
ನನ್ನ ಜಾತಕ ಮರಳಿಸಿದವರ ನೆನಪಾಗಿ
ಒಬ್ಬಳೇ ನಕ್ಕೆ.

ನಕ್ಷತ್ರ ಇಟ್ಟೆ. ಕೆಳಗೆ ತಾರೀಖು, ನನ್ನ ಹೆಸರು.
ಬದಲಾವಣೆ ಫಾರಮ್ಮಿನ ‘ಕಾರಣ’ದ ಎದುರು ಬರೆದೆ:
ನಾನು ಬರೆದದ್ದು ತಪ್ಪು.

‘ಎಷ್ಟು ಪ್ರೋಗ್ರಾಮು ತಿದ್ದಬೇಕು?’ ಶಮೀನಾ ಕೇಳಿದಳು.
ಒಂದನ್ನೂ ಇಲ್ಲ. ಅವು ಮೊದಲಿನಂತೆಯೇ ಕರೆಯುತ್ತವೆ,
ಇದು ಮೊದಲಿನಂತೆಯೇ ಓ ಅನ್ನುತ್ತದೆ.

‘ಆಗಲೇ ಲೆಕ್ಕ ಮುಗಿಸಿ ಹೋದವರು?’

ಅದಕ್ಕೆ ಪ್ರೊಸೀಜರ್ ಇಲ್ಲ.
ಕಪಾಟಿನಿಂದ ಹಳೆಯ ಟೋಕನ್ ರಿಜಿಸ್ಟರ್ ಇಳಿಸಿ
ಅವಳು ವಿಳಾಸ ಓದತೊಡಗಿದಳು,
ನಾನು ಬರೆದುಕೊಳ್ಳತೊಡಗಿದೆ:
ಲಗ್ಗೆರೆ, ದಾಸರಹಳ್ಳಿ, ಮತ್ತಿಕೆರೆ, ಮತ್ತೆ ಲಗ್ಗೆರೆ,
ಮನೆ ನಂಬರಿಲ್ಲ,
ನಲ್ಲಿಯ ಎದುರು ಅಂತಷ್ಟೇ ಇದೆ.