ಸರದಿ

ಇಡೀ ದಿನ ಮಂಡಿಯಲ್ಲಿ ಬಾಕ್ಸು ಎಣಿಸಿ
ಅಂಗಿ ತುಂಬ ಅದರದೇ ಘಾಟು ಹೊತ್ತು ಬರುವವನಿಗೆ
ತಾರಸಿ ಮೇಲೂ ಟಮೋಟ.
"ಕೋಲಾರದಲ್ಲಿದ್ದು ಟಮೋಟ ಬೆಳೀತೀಯಲ್ಲಮ್ಮ,
ಗಾಣದ ಪಕ್ಕ ಕೂತು ಎಳ್ಳು ಕುಟ್ಟಿದ ಹಾಗೆ" ಅಂದರೆ
ಪೇಂಟ್ ಬಕೆಟ್ಟಿನ ಮಣ್ಣು ಕೆದಕುತ್ತ
"ನಿನ್ನ ಮಂಡೀದು ವ್ಯಾಪಾರಕ್ಕೆ, ಇದು ಸಾರಿಗೆ" ಅನ್ನುತ್ತಾಳೆ.

ಹೋದ ವರ್ಷ ಆರೂ ಸಸಿ ಒಂದೇ ದಿನ ಊರಿದ್ದಳು.
ಆರೂ ಒಂದೇ ವಾರ ಕೆಂಪಾದವು.
ಗಲ್‌ಪೇಟೆಯಲ್ಲಿ ಯಾರಿಗೆ ಕೊಡುತ್ತೀರಿ ಟಮೋಟ?
ಎದುರುಮನೆ ಶಮೀಮ್ ಬಾನು ನಗುತ್ತಲೇ ಇಸಕೊಂಡರು;
ಮರುದಿನ ಅದೇ ಕೈಚೀಲ
ನಮ್ಮ ಗೇಟಿಗೆ ನೇತಾಡುತ್ತಿತ್ತು,
ಅವರ ಮೈದುನನ ತೋಟದ್ದೂ ಎರಡು ಕೇಜಿ ಸೇರಿ.
ತೊಕ್ಕು, ಗೊಜ್ಜು, ಉಪ್ಪಿನಕಾಯಿ, ಮತ್ತೆ ಗೊಜ್ಜು.
ಕೊನೆಗೆ ನೊಣ.
ಆಮೇಲೆ ಎರಡು ತಿಂಗಳು ಗಿಡದಲ್ಲಿ ಏನೂ ಇಲ್ಲ,
ಮಂಡಿಯಲ್ಲಿ ಒಡೆದದ್ದನ್ನು ಆರಿಸಿ ನಾನೇ ತಂದೆ.

ಈ ಸಲ ಪಂಚಾಂಗ ಇಳಿಸಿಕೊಂಡು ಕೂತಳು.
ಅಮಾಸೆಗೆ ಎರಡು ಬೀಜ, ಹುಣ್ಣಿಮೆಗೆ ಎರಡು,
ಮತ್ತಿನ ಅಮಾಸೆಗೆ ಇನ್ನೆರಡು.
ಐಸ್‌ಕ್ರೀಂ ಕಡ್ಡಿಯ ಮೇಲೆ ಮೊಮ್ಮಗಳ ಕೈಲಿ ತಾರೀಖು ಬರೆಸಿ
ಬಕೆಟ್ಟಿಗೊಂದು ಚುಚ್ಚಿದಳು.
ಗಿಡದ ಕಂಕುಳಲ್ಲಿ ಮೂಡಿದ ಚಿಗುರನ್ನು
ಚಿವುಟಿ ಎಸೆಯದೆ, ಲೋಟದ ನೀರಲ್ಲಿ ನಿಲ್ಲಿಸಿ
ಬೇರು ಬಿಟ್ಟ ಮೇಲೆ ಹಳೇ ಕುಕ್ಕರಿಗೆ ಊರಿದಳು:
"ಇದು ಕಡೇ ಪಂಕ್ತಿ."

ಈ ಲೆಕ್ಕ ಯಾರಮ್ಮ ಹೇಳಿಕೊಟ್ಟಿದ್ದು?
ನಾನಂತೂ ಅಲ್ಲ. ಇಪ್ಪತ್ತೆರಡು ವರ್ಷ ಚೀಟಿ ಬರೆದಿದ್ದೇನೆ,
ಎಲ್ಲ ಗಾಡಿ ಒಟ್ಟಿಗೆ ಬಂದ ದಿನ
ಹರಾಜು ಕೂಗುವವನ ದನಿ ಎಷ್ಟು ಇಳಿಯುತ್ತದೆ ಬಲ್ಲೆ.
ಒಬ್ಬರಿಗೂ ಸ್ವಲ್ಪ ತಡೆದು ಬನ್ನಿ ಅನ್ನಲಿಲ್ಲ.

ಮಣ್ಣಿನ ಕೈಯಲ್ಲೇ ಹೇಳಿದಳು:
"ನೀನೂ ಚಲಪತೀನೂ ಒಟ್ಟಿಗೇ ಬಂದ್ರಲ್ಲೋ.
ಹಾಲಿದ್ದದ್ದು ಒಬ್ಬನಿಗೆ.
ಇಬ್ಬರೂ ಒಂದೇ ಗಳಿಗೆಗೆ ಕಿರುಚೋರು.
ಅವನನ್ನ ನಸುಕಲ್ಲೇ ಚಿವುಟಿ ಎಬ್ಬಿಸಿ ಕುಡಿಸ್ತಿದ್ದೆ,
ನೀನು ಏಳೋ ಹೊತ್ತಿಗೆ ಮತ್ತೆ ಊರಲಿ ಅಂತ."

ಮಾಲೂರಿನಲ್ಲಿ ಸ್ಕೂಲ್ ವ್ಯಾನ್ ಓಡಿಸುವ ನನ್ನ ತಮ್ಮ,
ನನಗಿಂತ ಇಪ್ಪತ್ತು ನಿಮಿಷಕ್ಕೆ ಚಿಕ್ಕವನು,
ಇವತ್ತಿಗೂ ಅಲಾರಂ ಇಲ್ಲದೆ ನಾಲ್ಕಕ್ಕೆ ಏಳುತ್ತಾನೆ.
ಯಾಕೆಂದು ತಿಳಿದದ್ದು
ನಲವತ್ತೇಳನೇ ವಯಸ್ಸಿಗೆ, ಬಕೆಟ್ಟಿನ ಮುಂದೆ.

ಗಿಡಗಳೇನೂ ಪೂರ್ತಿ ಮಾತು ಕೇಳಲಿಲ್ಲ.
ಏಪ್ರಿಲಿನಲ್ಲಿ ಅಂತರಗಂಗೆಯ ಬಂಡೆ ಕಾದು
ಮೊದಲ ಅಮಾಸೆಯವು ಹೂ ಉದುರಿಸಿ ಸುಮ್ಮನೆ ನಿಂತವು;
ಹುಣ್ಣಿಮೆಯವು ಹಿಂದಿನಿಂದ ನುಗ್ಗಿ ಸರದಿ ಮುರಿದವು.
ಕುಕ್ಕರಿನದು ಇನ್ನೂ ಗೋಲಿಯಷ್ಟು ಕಾಯಿ.
ಕಡ್ಡಿ ಅದಲುಬದಲು ಮಾಡಿದ್ದು ಯಾರೆಂದು
ಮೊಮ್ಮಗಳ ಮೇಲೆ ವಿಚಾರಣೆಯೂ ನಡೆಯಿತು.

ಆದರೂ ದಿನಕ್ಕೆ ಮೂರು. ಒಮ್ಮೊಮ್ಮೆ ಎರಡು.
ಸಾರಿಗೆ ಸಾಕು.

ಇವತ್ತು ಬುಧವಾರ.
ತೊಟ್ಟಿನ ಕಡೆ ಹಸಿರಿದ್ದು
ತುದಿಯಲ್ಲಿ ಆಗಷ್ಟೇ ಬಣ್ಣ ತಿರುಗಿದ ಒಂದನ್ನು ಕಿತ್ತು
ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದಾಳೆ.
ಚಲಪತಿ ಬರುವುದು ಭಾನುವಾರ.

ಅಕ್ಕಿ ಅಳೆಯುವ ನೆಪದಲ್ಲಿ
ನಾನೂ ಕೈ ಇಳಿಬಿಟ್ಟು ಮುಟ್ಟಿ ನೋಡಿದೆ.
ಇನ್ನೂ ಗಟ್ಟಿ.